ಮೇಸ್ತ್ರಿಯ ಕಣ್ಣಳತೆ

ನಮ್ಮ ಕಟ್ಟಡ ವಾಲುತ್ತಿದೆ ಎಂದು ಮೊದಲು ಹೇಳಿದವರು ಮೇಸ್ತ್ರಿ. ಬೇರೆ ಯಾರೇ ಹೇಳಿದ್ದರೂ ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮೇಸ್ತ್ರಿ ಹೇಳಿದ ಮೇಲೆ ಮಾತ್ರ ಅದಕ್ಕೆ ಎದುರು ಮಾತಿಲ್ಲ.

ಟೈಲ್ಸ್ ಹಾಕುವುದು ಅವರ ಕೆಲಸ. ಟೈಲ್ಸ್ ಹಾಕುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರೆಲ್ಲ ನೆಲದ ಮೇಲೆ ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಡುವೆ ಬಂದು ನಿಂತಿತೇ ಎಂದು ಬಗ್ಗಿ ನೋಡಿ, ಆಮೇಲೆ ಮುಂದಿನ ಟೈಲ್ಸ್ ಮುಟ್ಟುವ ಬಡಪಾಯಿಗಳು. ನಮ್ಮ ಮೇಸ್ತ್ರಿ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ, ಗದ್ದ ನೆಲಕ್ಕೆ ತಾಗುವಷ್ಟು ಬಗ್ಗಿ ಒಮ್ಮೆ ನೋಡಿದರೆ ಸಾಕು. "ದೇವರು ಕೊಟ್ಟ ಮಟ್ಟ ಇಲ್ಲೇ ಇರುವಾಗ ಅಂಗಡೀದು ಯಾಕ್ರೀ?" ಎಂದು ಹುಬ್ಬಿನ ಮೇಲೆ ಬೆರಳು ತಟ್ಟಿಕೊಳ್ಳುತ್ತಿದ್ದರು. ಕೆಲಸ ಕೊಟ್ಟವರಿಗೂ ಅದೊಂದು ಹೆಮ್ಮೆ. ಮನೆಗೆ ಬಂದವರಿಗೆಲ್ಲ "ಈ ನೆಲ ಬರೀ ಕಣ್ಣಲ್ಲೇ ಹಾಕಿದ್ದು" ಎಂದು ತೋರಿಸುತ್ತಿದ್ದರು. ಬಂದವರು ಪಾಪ, ಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಲ್ಲುತ್ತಿದ್ದರು.

ನಮ್ಮದು ಹಳೆಯ ಕಟ್ಟಡ. ನೆಲಮಹಡಿಯಲ್ಲಿ ಟೈಲರಮ್ಮನ ಅಂಗಡಿ. ಅದರ ನೆತ್ತಿಯ ಮೇಲೆ ಮೇಸ್ತ್ರಿಯ ಮನೆ, ಪಕ್ಕದಲ್ಲಿ ನಾನು. ಅದಕ್ಕೂ ಮೇಲೆ ರಿಟೈರ್ಡ್ ಪೋಸ್ಟ್ ಮಾಸ್ಟರು. ಮೂವತ್ತು ವರ್ಷ ಬೇರೆಯವರ ಸುದ್ದಿಯನ್ನು ಮುಚ್ಚಿದ ಲಕೋಟೆಯಲ್ಲೇ ಹಂಚಬೇಕಾಗಿ ಬಂದ ದುಃಖವನ್ನು ಅವರು ಈಗ ತೀರಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಮೇಸ್ತ್ರಿ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರು. ಸೂರು ಗಿರ್ರನೆ ತಿರುಗಿತು. ಕರೆಂಟು ಹೋಗಿ ಫ್ಯಾನ್ ಒಂದು ನಿಂತಿತ್ತು, ಮಿಕ್ಕಿದ್ದೆಲ್ಲ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು. ತಲೆ ಎತ್ತಿದರು, ಮತ್ತೆ ಶುರುವಾಯಿತು. ತಲೆ ತಿರುಗುವ ಟೈಲ್ಸ್ ಮೇಸ್ತ್ರಿಗೆ ಕೆಲಸ ಕೊಡುವವರು ಯಾರು? ಅವರ ಅಂಗಡಿ, ಬಂಡವಾಳ, ಬೋರ್ಡು ಎಲ್ಲವೂ ಆ ಎರಡು ಕಣ್ಣು. ಸುದ್ದಿ ಹೊರಬಿದ್ದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ ಎಂದುಕೊಂಡು, ಏನೂ ಆಗದವರಂತೆ ಚೀಲ ಹೆಗಲಿಗೇರಿಸಿ ಹೊರಟರು. ಮೆಟ್ಟಿಲ ತನಕ ಹೋಗಿದ್ದೇ ದೊಡ್ಡದು.

ಅಂಗಡಿಯಿಂದ ಹೊರಬಂದ ಟೈಲರಮ್ಮ ತಲೆ ಎತ್ತಿ ನೋಡಿದರು.

"ಏನ್ರೀ ಮೇಸ್ತ್ರಿ, ಬೆಳ್ಳಂಬೆಳಿಗ್ಗೆ ಗೋಡೆ ತಬ್ಕೊಂಡು ನಿಂತಿದ್ದೀರಿ?"

"ಗೋಡೆ ನೋಡ್ತಾ ಇದೀನಿ."

"ಕಣ್ಣು ಮುಚ್ಕೊಂಡಾ?"

"ವಾಲಿದೆ."

"ಯಾರು?"

"ಗೋಡೆ ಕಣಮ್ಮ, ಗೋಡೆ! ಇಡೀ ಕಟ್ಟಡಾನೇ ರಸ್ತೆ ಕಡೆಗೆ ವಾಲಿದೆ."

ಟೈಲರಮ್ಮನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಅದು ರಸ್ತೆಯ ಕಡೆಗೇ ಬಿತ್ತು ಎಂದು ಅವರು ಆಮೇಲೆ ಆಣೆ ಮಾಡಿ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟಡ ವಾಲಿತ್ತು. ಪೋಸ್ಟ್ ಮಾಸ್ಟರು ಕಾಫಿ ಲೋಟ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದು "ನೋಡಿ, ಈ ಕಡೆ ಕಾಫಿ ಜಾಸ್ತಿ ಇದೆ" ಎಂದರು. ನೋಡಿದೆ. ನಿಜವಾಗಿಯೂ ಇದ್ದ ಹಾಗೆ ಕಾಣಿಸಿತು. ಅವರು ಲೋಟವನ್ನೇ ಓರೆಯಾಗಿ ಹಿಡಿದಿರಬಹುದೆಂದು ಆ ಹೊತ್ತಿನಲ್ಲಿ ಯಾರಿಗೆ ಹೊಳೆಯುತ್ತದೆ? ನಾನೂ ನನ್ನ ಮಂಚದ ದಿಕ್ಕು ಬದಲಾಯಿಸಿ, ಉರುಳಿದರೆ ಗೋಡೆಯ ಕಡೆ ಉರುಳುವ ಹಾಗೆ ವ್ಯವಸ್ಥೆ ಮಾಡಿಕೊಂಡೆ.

ಈ ಗದ್ದಲದಲ್ಲಿ ತಲೆ ಕೆಡಿಸಿಕೊಳ್ಳದವರು ಒಬ್ಬರೇ, ಮೇಸ್ತ್ರಿಯ ಹೆಂಡತಿ. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತೇವೆ. ಗಂಡ ನಲ್ಲಿ ಹಿಡಿದುಕೊಂಡು ಹಲ್ಲುಜ್ಜುವುದನ್ನು ಅವರು ನೋಡಿದರು. ನಲ್ಲಿ ಹಿಡಿದುಕೊಂಡೇ ಮುಖ ಒರೆಸಿಕೊಳ್ಳುವುದನ್ನೂ ನೋಡಿದರು.

"ರೀ, ಕಟ್ಟಡ ವಾಲಿದ್ರೆ ನಾನೂ ಬೀಳಬೇಕಿತ್ತಲ್ಲ?"

"ನಿಂಗೆ ಗೊತ್ತಾಗಲ್ಲ. ಅದಕ್ಕೆ ಕಣ್ಣು ಬೇಕು."

"ಕಣ್ಣು ನಂಗೂ ಇದೆ. ಚಪ್ಪಲಿ ಹಾಕ್ಕೊಳ್ಳಿ, ಡಾಕ್ಟರ ಹತ್ರ ಹೋಗೋಣ."

ಮುಂದಿನದನ್ನು ಅಕ್ಕನೇ ನಮಗೆ ಆಮೇಲೆ ಹೇಳಿದ್ದು. ಸ್ವಲ್ಪ ಉಪ್ಪುಖಾರ ಸೇರಿರಬಹುದು, ಆದರೆ ಅಕ್ಕ ಸುಳ್ಳು ಹೇಳುವವರಲ್ಲ.

ಕಿವಿಯ ಡಾಕ್ಟರಮ್ಮ ಮೇಸ್ತ್ರಿಯನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ ತಿರುಗಿಸಿ ಸರಕ್ಕನೆ ಮಲಗಿಸಿದರು. ಮೇಸ್ತ್ರಿ ಅವರ ಬಿಳಿ ಕೋಟನ್ನು ಎರಡೂ ಕೈಯಲ್ಲಿ ಹಿಡಿದು "ಬಿತ್ತು! ಕಟ್ಟಡ ಬಿತ್ತು!" ಎಂದು ಕೂಗಿಕೊಂಡರು.

"ವಾಲಿದ್ದು ನಿಮ್ಮ ಮನೆ ಅಂದ್ರಲ್ಲ? ಇದು ಆಸ್ಪತ್ರೆ" ಎಂದರು ಡಾಕ್ಟರಮ್ಮ.

"ಇದೂ ವಾಲಿದೆ" ಎಂದರು ಮೇಸ್ತ್ರಿ. ಅವರು ಪಟ್ಟು ಬಿಡುವ ಆಸಾಮಿಯಲ್ಲ.

ಡಾಕ್ಟರಮ್ಮ ನಗು ತಡೆದುಕೊಂಡು ವಿವರಿಸಿದರು. "ಕಿವಿ ಒಳಗೆ ಪುಟ್ಟ ಪುಟ್ಟ ಹರಳು ಇರ್ತವೆ, ಮರಳಿಗಿಂತ ಸಣ್ಣವು. ನಿಮ್ಮ ಬಲಗಿವೀಲಿ ಒಂದಷ್ಟು ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರಿವೆ. ತಲೇನ ಒಂದು ಲೆಕ್ಕದಲ್ಲಿ ತಿರುಗಿಸ್ತಾ ಹೋದ್ರೆ ಅವೇ ಉರುಳ್ಕೊಂಡು ವಾಪಸ್ ಬರ್ತವೆ. ಮನೇಲೇ ಮಾಡ್ಕೋಬಹುದು. ಆದ್ರೆ ಮನೇಲಿ ಮಾಡೋವಾಗ ಜನ ಕೋನ ತಪ್ಪಿಸ್ತಾರೆ, ಅದಕ್ಕೇ ಇದು."

ಅವರು ಕೈಗೆ ಕೊಟ್ಟದ್ದು ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಕಪ್ಪು ಡಬ್ಬಿ. ಹಾಕಿಕೊಂಡರೆ ಒಳಗೊಂದು ನೀಲಿ ಕೊಳವೆ, ಕೊಳವೆಯಲ್ಲಿ ಒಂದು ಬಿಳಿ ಗೋಲಿ. ತಲೆ ತಿರುಗಿಸಿದಂತೆ ಗೋಲಿ ಉರುಳುತ್ತದೆ. ಎದುರಿಗೆ ಒಂದು ಕೆಂಪು ಗೆರೆ, ತಲೆ ಸರಿಯಾದ ಕೋನಕ್ಕೆ ಬಂದಾಗ ಅದು ಹಸಿರಾಗುತ್ತದೆ. ಏನು ಮಾಡಬೇಕೆಂದು ಒಬ್ಬ ಹೆಂಗಸಿನ ದನಿ ಹೇಳುತ್ತಾ ಹೋಗುತ್ತದೆ.

"ಇದಕ್ಕೆ ವರ್ಚುವಲ್ ರಿಯಾಲಿಟಿ ಅಂತಾರೆ. ಇಲ್ಲದ್ದನ್ನ ಇರೋ ಹಾಗೇ ತೋರಿಸತ್ತೆ" ಎಂದರು ಡಾಕ್ಟರಮ್ಮ.

"ಇವರಿಗೆ ಅದಕ್ಕೆ ಡಬ್ಬಿ ಬೇಕಿಲ್ಲ" ಎಂದರು ಅಕ್ಕ.

"ಒಂದೇ ಮಾತು ನೆನಪಿಟ್ಕೊಳ್ಳಿ. ಗೆರೆ ಹಸಿರಾಗೋ ತನಕ ಮುಂದಕ್ಕೆ ಹೋಗಬಾರದು. ಹಸಿರಾದ ಮೇಲೂ ಅದು ಹೇಳೋ ತನಕ ಅಲ್ಲಾಡಬಾರದು. ಅಮ್ಮ, ನೀವು ಪಕ್ಕದಲ್ಲೇ ಇರಿ."

ಇಷ್ಟು ಸುಲಭದ ಚಿಕಿತ್ಸೆ ಯಾರಿಗಾದರೂ ಫಲಿಸಬೇಕು. ಆದರೆ ಮೇಸ್ತ್ರಿಗೆ ಗೆರೆ ತೋರಿಸುವ ಧೈರ್ಯವನ್ನು ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ.

ಮನೆಗೆ ಬಂದು ಮಂಚದ ಮೇಲೆ ಕೂತು ಡಬ್ಬಿ ಕಟ್ಟಿಕೊಂಡರು. ಒಳಗಿನ ದನಿ ಪುಸ್ತಕದ ಕನ್ನಡದಲ್ಲಿ ಶುರುಮಾಡಿತು.

"ದಯವಿಟ್ಟು ತಲೆಯನ್ನು ಬಲಕ್ಕೆ ತಿರುಗಿಸಿ. ಇನ್ನೂ ಸ್ವಲ್ಪ ತಿರುಗಿಸಿ."

"ತಿರುಗಿಸಿದ್ದೀನಲ್ಲಮ್ಮ."

"ಇನ್ನೂ ಸ್ವಲ್ಪ ತಿರುಗಿಸಿ."

"ನೋಡಮ್ಮ, ನಂಗೆ ಕೋನ ಹೇಳ್ಕೊಡೋಕೆ ಬರಬೇಡ. ನೀನು ಹುಟ್ಟೋಕೆ ಮುಂಚಿಂದ ಮೂಲೆ ಕೂರಿಸ್ತಾ ಇದೀನಿ. ಇದು ಸರಿಯಾಗಿದೆ. ಮುಂದಿಂದು ಹೇಳು."

"ನಿಮ್ಮ ಸ್ಥಾನ ಸರಿಯಾಗಿಲ್ಲ. ಮೊದಲಿನಿಂದ ಪ್ರಾರಂಭಿಸೋಣ."

"ರೀ, ಆಯಮ್ಮ ಹೇಳಿದ ಹಾಗೆ ಕೇಳ್ರೀ" ಎಂದರು ಅಕ್ಕ.

"ಆಯಮ್ಮಂಗೆ ಗೆರೆ ಎಳೆಯೋಕೇ ಬರಲ್ಲ. ಸೊಟ್ಟಗಿದೆ."

ಇಷ್ಟರಲ್ಲಿ ವಾಲಿಕೆಯ ಹೊಸ ಸಮಾಚಾರವೇನೆಂದು ತಿಳಿಯಲು ಪೋಸ್ಟ್ ಮಾಸ್ಟರು ಒಳಗೆ ಬಂದರು. ಅವರ ಹಿಂದೆ, ಅವರು ಮಾತ್ರ ಯಾಕೆ ಮೊದಲು ತಿಳಿದುಕೊಳ್ಳಬೇಕು ಎಂದು ನಾನೂ ಹೋದೆ. ಮೇಸ್ತ್ರಿ ಡಬ್ಬಿಯನ್ನು ಹಣೆಗೆ ಸರಿಸಿ ನಮ್ಮನ್ನು ನೋಡಿದರು. ತಲೆ ತಿರುಗುತ್ತದೆ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ.

"ಇದು... ವಾಲಿಕೆ ಅಳೆಯೋ ಯಂತ್ರ" ಎಂದರು.

"ಒಳಗೆ ಮಾತಾಡ್ತಿರೋದು ಯಾರು?"

"ದೊಡ್ಡ ಎಂಜಿನಿಯರಮ್ಮ. ದೂರದಿಂದಲೇ ಎಲ್ಲಾ ನೋಡ್ತಾರೆ."

"ನಿಮ್ಮ ಸ್ಥಾನ ಸರಿಯಾಗಿಲ್ಲ" ಎಂದಿತು ಡಬ್ಬಿ.

ಪೋಸ್ಟ್ ಮಾಸ್ಟರ ಮುಖ ಬಿಳಿಚಿಕೊಂಡಿತು. ಅಕ್ಕ ಏನೋ ಹೇಳಲು ಬಾಯಿ ತೆರೆದರು. ಮೇಸ್ತ್ರಿ ಅವರ ಕಡೆ ನೋಡಿದ ನೋಟ ನನಗೂ ಕಂಡಿತು. ಅಷ್ಟು ದೊಡ್ಡ ಆಳು ಅಷ್ಟು ಚಿಕ್ಕದಾಗಿ ಬೇಡಿಕೊಂಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಅಕ್ಕ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದರು.

ಅಂದಿನಿಂದ ಮೇಸ್ತ್ರಿಯ ಚಿಕಿತ್ಸೆಗೆ ಸಭಿಕರು ಸೇರತೊಡಗಿದರು. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತೆವು. ಒಳಗೆ ಮೇಸ್ತ್ರಿ ಮಲಗುವುದು, ಏಳುವುದು, ಯಂತ್ರದ ಜೊತೆ ಜಗಳವಾಡುವುದು. ಕೊನೆಗೆ ದಿನವೂ ಅದೇ ತೀರ್ಪು, ಸ್ಥಾನ ಸರಿಯಾಗಿಲ್ಲ. ಮೇಸ್ತ್ರಿ ಬೆವರು ಒರೆಸಿಕೊಂಡು ಗೋಡೆ ಹಿಡಿದು ಹೊರಬರುವುದನ್ನು ನೋಡಿ ನಮ್ಮ ಕಟ್ಟಡಕ್ಕಾಗಿ ಅವರು ಎಷ್ಟು ಒದ್ದಾಡುತ್ತಿದ್ದಾರೆ ಎಂದು ನಮಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಅಕ್ಕನ ತಮ್ಮನಿಗೆ ಸುದ್ದಿ ಹೇಗೆ ಮುಟ್ಟಿತೋ, ಟೆಂಪೋ ಮಾಡಿಕೊಂಡು ಬಂದೇಬಿಟ್ಟ. "ಅಕ್ಕಾ, ಸಾಮಾನು ಕಟ್ಟು. ಭಾವ, ನೀವು ನಿಧಾನವಾಗಿ ಅಳೀತಾ ಇರಿ, ನಾನು ಬೀರು ಇಳಿಸ್ತೀನಿ" ಎಂದ. ಭಾವನನ್ನು ಇಳಿಸುವ ಯೋಚನೆ ಅವನಿಗೆ ಬಂದಂತೆ ಕಾಣಲಿಲ್ಲ. ಅಕ್ಕ ಅವನಿಗೆ ಕಾಫಿ ಕೊಟ್ಟು ಖಾಲಿ ಟೆಂಪೋದಲ್ಲಿ ವಾಪಸ್ ಕಳಿಸಿದರು.

ಪೋಸ್ಟ್ ಮಾಸ್ಟರು ಸುಮ್ಮನಿರಲಿಲ್ಲ. ನಗರಸಭೆಗೆ ಹೋಗಿ ಕೂಗಾಡಿ ಎಂಜಿನಿಯರನ್ನು ಕರೆತಂದರು. ಎಂಜಿನಿಯರ್ ಮೂರು ಕಾಲಿನ ಯಂತ್ರ ನಿಲ್ಲಿಸಿ ಹೊರಗಿನ ಗೋಡೆ ನೋಡಿದರು, ಮೆಟ್ಟಿಲು ನೋಡಿದರು, ನನ್ನ ಮನೆಯ ಹಜಾರ ನೋಡಿದರು.

"ಎಲ್ಲಾ ನೆಟ್ಟಗಿದೆಯಲ್ರೀ."

"ನಿಮ್ಮ ಯಂತ್ರ ಕೆಟ್ಟಿರಬೇಕು ಸಾರ್. ಮೇಸ್ತ್ರಿ ಕಣ್ಣು ತಪ್ಪಲ್ಲ" ಎಂದರು ಪೋಸ್ಟ್ ಮಾಸ್ಟರು. "ಬನ್ನಿ, ಅವರ ಮನೇಲೇ ತೋರಿಸ್ತೀನಿ."

ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಮೇಸ್ತ್ರಿಯ ಅಡುಗೆಮನೆಯ ನಡುವೆ ಇಟ್ಟರು. ನಾವೆಲ್ಲ ಉಸಿರು ಬಿಗಿಹಿಡಿದೆವು. ನಿಂಬೆಹಣ್ಣು ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಯಾವ ಆತುರವೂ ಇಲ್ಲದೆ ಉರುಳುತ್ತಾ ಹೋಗಿ ಬಾಗಿಲ ಬಳಿ ಎಂಜಿನಿಯರ ಬೂಟಿಗೆ ತಗುಲಿ ನಿಂತಿತು.

ಎಂಜಿನಿಯರ್ ತಮ್ಮ ರಸಮಟ್ಟ ಇಟ್ಟರು. ಗುಳ್ಳೆ ಒಂದು ಮೂಲೆಗೆ ಓಡಿತು. ಅವರ ಹಣೆಯಲ್ಲಿ ಗೆರೆ ಮೂಡಿತು.

"ಇದರ ಕೆಳಗೆ ಏನಿದೆ?"

"ಟೈಲರಮ್ಮನ ಅಂಗಡಿ."

"ಹಾಗಾದ್ರೆ ಈ ಮೂಲೆ ಪಾಯಾನೇ ಕುಸೀತಿದೆ. ಅಂಗಡಿ ಖಾಲಿ ಮಾಡಿಸಿ. ನಾಳೆ ಜನ ಕಳಿಸ್ತೀನಿ, ನೆಲ ಅಗೆದು ನೋಡಬೇಕು. ಗೋಡೇನೂ ಸ್ವಲ್ಪ ಒಡೀಬೇಕಾಗತ್ತೆ."

ಟೈಲರಮ್ಮ ಬಾಗಿಲ ಹತ್ತಿರವೇ ನಿಂತಿದ್ದರು. ಗಂಡ ಹೋದ ಮೇಲೆ ಆ ಅಂಗಡಿಯಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಶಾಲೆ ಶುರುವಾಗುವ ಸಮಯ, ಕತ್ತರಿಸಿಟ್ಟ ಯೂನಿಫಾರಂ ಬಟ್ಟೆ ಮೇಜಿನ ಮೇಲೆ ಸೊಂಟದ ಎತ್ತರಕ್ಕೆ ಬಿದ್ದಿತ್ತು. ಅಗೆದ ಅಂಗಡಿಗೆ ಯಾರು ಬರುತ್ತಾರೆ, ಆ ಗುಂಡಿ ಮತ್ತೆ ಯಾವಾಗ ಮುಚ್ಚುತ್ತಾರೆ, ದೇವರಿಗೇ ಗೊತ್ತು. ಅವರು ಎಂಜಿನಿಯರ ಕಡೆ ನೋಡಲೇ ಇಲ್ಲ.

"ಮೇಸ್ತ್ರಿ, ನೀವು ಹೇಳಿ. ನಿಜವಾಗ್ಲೂ ಬಿಡಲೇಬೇಕಾ?"

ಮೇಸ್ತ್ರಿ ಗೋಡೆ ಹಿಡಿದುಕೊಂಡಿದ್ದರು. ನಿಂಬೆಹಣ್ಣು ಉರುಳಿದ್ದನ್ನು ಅವರೂ ನೋಡಿದ್ದರು. ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವರು ಅವರೇ. ತಾವು ಹೇಳಿದ ಸುಳ್ಳು ತಮ್ಮ ಕಣ್ಣೆದುರೇ ನಿಜವಾಗಿ ಉರುಳಿತ್ತು.

"ಏನೂ ಗೊತ್ತಾಗ್ತಿಲ್ಲಮ್ಮ" ಎಂದರು.

"ನಿಮಗೇ ಗೊತ್ತಾಗ್ತಿಲ್ಲ ಅಂದ್ರೆ ಮುಗೀತು ಬಿಡಿ" ಎಂದು ಟೈಲರಮ್ಮ ಹೊಲಿಗೆ ಮೆಷಿನ್ನಿಗೆ ಕವರ್ ಹಾಕಲು ಕೆಳಗಿಳಿದು ಹೋದರು.

ಸಂಜೆ ಮೇಸ್ತ್ರಿ ಯಾರನ್ನೂ ಒಳಗೆ ಬಿಡಲಿಲ್ಲ. ಮಂಚದ ಮೇಲೆ ಕೂತು, ತಾವಾಗಿಯೇ ಡಬ್ಬಿ ಎತ್ತಿಕೊಂಡರು. "ಇವತ್ತು ನೋಡೇಬಿಡ್ತೀನಿ. ತಲೆ ನೆಟ್ಟಗಾದ್ರೆ ತಾನೇ ಕಟ್ಟಡ ನೆಟ್ಟಗಿದೆಯೋ ಇಲ್ವೋ ಗೊತ್ತಾಗೋದು" ಎಂದರಂತೆ ಅಕ್ಕನಿಗೆ. ಅಂದು ಜಗಳವಿಲ್ಲ. ಇನ್ನೂ ಸ್ವಲ್ಪ ಎಂದರೆ ಇನ್ನೂ ಸ್ವಲ್ಪ ತಿರುಗಿಸಿದರು. ಗೆರೆ ಹಸಿರಾಯಿತು. ಮಲಗಿ ಎಂದಿತು, ಮಲಗಿದರು. ಲೋಕವೆಲ್ಲ ತಿರುಗಿತು. ಅಲ್ಲಾಡಬೇಡಿ ಎಂದಿತು. ಅಕ್ಕನ ಕೈ ಗಟ್ಟಿಯಾಗಿ ಹಿಡಿದು, ಅಲ್ಲಾಡದೆ ಬಿದ್ದುಕೊಂಡರು. ನಿಧಾನವಾಗಿ ಎಡಕ್ಕೆ ತಿರುಗಿದರು, ಮಗ್ಗುಲಾದರು, ಎದ್ದು ಕೂತರು. ನೀಲಿ ಕೊಳವೆಯ ಬಿಳಿ ಗೋಲಿ ಉರುಳಿ ಉರುಳಿ ತನ್ನ ಗೂಡಿಗೆ ಬಿತ್ತು.

"ಅಭಿನಂದನೆಗಳು. ಇಂದಿನ ವ್ಯಾಯಾಮ ಪೂರ್ಣವಾಯಿತು" ಎಂದಿತು ಡಬ್ಬಿ. ಇಂಥ ಮಾತೂ ಅದಕ್ಕೆ ಬರುತ್ತದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಡಾಕ್ಟರಮ್ಮ ಹೇಳಿದ್ದಂತೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಮೇಸ್ತ್ರಿ ಡಬ್ಬಿ ತೆಗೆದರು. ಸೂರು ನಿಂತಿತ್ತು. ಬಾಗಿಲು ನೆಟ್ಟಗೆ, ಕಿಟಕಿ ನೆಟ್ಟಗೆ, ಗೋಡೆ ನೆಟ್ಟಗೆ. ಗೋಡೆ ಹಿಡಿಯದೆ ನಡೆದರು. ಖುಷಿಯಲ್ಲಿ ಅಡುಗೆಮನೆಗೆ ಹೋಗಿ, ಒಂದು ಕಣ್ಣು ಮುಚ್ಚಿ, ಗದ್ದ ನೆಲಕ್ಕೆ ತಾಗಿಸಿ ನೋಡಿದರು. ನೋಡಿದವರು ಏಳಲೇ ಇಲ್ಲ.

"ಏನಾಯ್ತು ರೀ? ಮತ್ತೆ ತಿರುಗತ್ತಾ?"

"ವಾಸಿ ಆಗಿಲ್ಲ ಕಣೇ. ಎಲ್ಲಾ ನಿಂತಿದೆ, ಈ ನೆಲ ಮಾತ್ರ ಇನ್ನೂ ಓರೆ ಕಾಣ್ತಿದೆ."

ಅಕ್ಕ ಒಲೆಯ ಉರಿ ಸಣ್ಣ ಮಾಡಿದರು.

"ವಾಸಿ ಆಗಿದೆ. ಆ ನೆಲ ಓರೆಯಾಗೇ ಇರೋದು."

"ಯಾವಾಗಿಂದ?"

"ನೀವು ಹಾಕಿದಾಗಿಂದ. ಈ ಮನೆಗೆ ಬಂದ ವಾರಾನೇ ಒಂದು ಈರುಳ್ಳಿ ಬಿತ್ತು, ಬಾಗಿಲ ಹತ್ರ ಸಿಕ್ತು. ಆಮೇಲಿಂದ ಏನು ಬಿದ್ರೂ ಅಲ್ಲೇ ಸಿಗತ್ತೆ. ನಾನು ಹುಡುಕೋಕೇ ಹೋಗಲ್ಲ."

ಮೇಸ್ತ್ರಿ ಎದ್ದು ಸುತ್ತಮುತ್ತ ನೋಡಿದರು. ಅವರ ರಸಮಟ್ಟ ಅಡುಗೆಮನೆಯ ಕಿಟಕಿಯಲ್ಲೇ ಇತ್ತು. ಕಿಟಕಿ ಮುಚ್ಚಿಕೊಳ್ಳದಿರಲೆಂದು ಅಕ್ಕ ಅದನ್ನು ಎಷ್ಟೋ ವರ್ಷದಿಂದ ಆನಿಸಿಟ್ಟಿದ್ದರು. ಮೇಸ್ತ್ರಿ ಎಳೆದುಕೊಂಡರು, ಕಿಟಕಿ ಧಡಾರನೆ ಮುಚ್ಚಿಕೊಂಡಿತು. ಮಟ್ಟವನ್ನು ನೆಲದ ಮೇಲಿಟ್ಟರು. ಗುಳ್ಳೆ ಮೂಲೆಗೆ ಓಡಿತು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೊಸ ನೆಲ ತೋರಿಸಿ ಹೆಂಗಿದೆ ಅಂತ ಕೇಳಿದ್ರಲ್ಲ, ಆವತ್ತು ನಿಮ್ಮ ಮುಖ ನೋಡಿದ್ರೆ ನೀವೂ ಹೇಳ್ತಿರಲಿಲ್ಲ" ಎಂದರು ಅಕ್ಕ. ಸ್ವಲ್ಪ ತಡೆದು, "ನನ್ನ ಈರುಳ್ಳಿ ವಿಷಯ ಇರ್ಲಿ. ಟೈಲರಮ್ಮಂದು ಹಾಗಲ್ಲ" ಎಂದರು.

ಮಾರನೆಯ ದಿನ ಹಾರೆ, ಗುದ್ದಲಿ ಹಿಡಿದು ನಗರಸಭೆಯ ಆಳುಗಳು ಎಂಜಿನಿಯರ ಜೊತೆ ಬಂದಾಗ ಹೊಲಿಗೆ ಮೆಷಿನ್ ಫುಟ್‌ಪಾತಿನಲ್ಲಿತ್ತು. ಅದರ ಪಕ್ಕದ ಗಂಟಿನ ಮೇಲೆ ಟೈಲರಮ್ಮ ಕೂತಿದ್ದರು. ನಾವೆಲ್ಲ ಸುತ್ತ ನಿಂತು, ಸಹಾಯ ಮಾಡದವರು ಮಾಡಬೇಕಾದಷ್ಟು ಗಟ್ಟಿಯಾಗಿ ಮರುಗುತ್ತಿದ್ದೆವು. ಮೇಸ್ತ್ರಿ ಮೆಟ್ಟಿಲಿಳಿದು ಬಂದರು. ಗೋಡೆ ಹಿಡಿದಿರಲಿಲ್ಲ. ಕೈಯಲ್ಲಿ ರಸಮಟ್ಟವಿತ್ತು. ಅದನ್ನು ನೋಡಿಯೇ ಜನ ಮಾತು ನಿಲ್ಲಿಸಿದರು.

"ಹಾರೆ ಕೆಳಗಿಡಿ. ಕಟ್ಟಡ ವಾಲಿಲ್ಲ. ತಿರುಗಿದ್ದು ನನ್ನ ತಲೆ. ಆ ಡಬ್ಬಿ ಕಿವಿ ಡಾಕ್ಟರು ಕೊಟ್ಟಿದ್ದು, ತಲೆಸುತ್ತಿಗೆ. ಅದರಲ್ಲಿ ಯಾವ ಎಂಜಿನಿಯರಮ್ಮನೂ ಇಲ್ಲ."

ನಾವು ನಂಬಲಿಲ್ಲ. ನಂಬಿದ್ದನ್ನು ಬಿಡುವುದೆಂದರೆ ಅಷ್ಟು ಸುಲಭವೇ?

"ಯಾರೋ ಹೆದರಿಸಿದ್ದಾರೆ ಇವರನ್ನ" ಎಂದು ಪೋಸ್ಟ್ ಮಾಸ್ಟರು ನನ್ನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಮತ್ತೆ ನಿಂಬೆಹಣ್ಣು? ಅದಕ್ಕೂ ತಲೆ ತಿರುಗಿತಾ?"

ಮೇಸ್ತ್ರಿಯ ಮುಖ ಕೆಂಪಾಯಿತು. ತಲೆಸುತ್ತಿನ ಮಾತು ಹೇಗೋ ಬಾಯಿಂದ ಬಂದಿತ್ತು, ಇದು ಬರಲು ಒದ್ದಾಡುತ್ತಿತ್ತು. ಅವರು ಮೆಷಿನ್ ಕಡೆ ನೋಡಿದರು.

"ಬನ್ನಿ ಎಲ್ಲರೂ" ಎಂದರು.

ಅಡುಗೆಮನೆಯಲ್ಲಿ ಹಿಡಿಸುವಷ್ಟು ಜನ ಒಳಗೆ, ಮಿಕ್ಕವರು ಬಾಗಿಲಲ್ಲಿ. ಮೇಸ್ತ್ರಿ ಉಳಿ ಸುತ್ತಿಗೆ ತೆಗೆದುಕೊಂಡು, ಒಳಗಿನ ಮೂಲೆಯಲ್ಲಿ ಒಂದು, ಬಾಗಿಲ ಬಳಿ ಒಂದು, ತಾವೇ ಕೂರಿಸಿದ್ದ ಎರಡು ಟೈಲ್ಸ್ ಎಬ್ಬಿಸಿದರು. ಮೂಲೆಯ ಟೈಲ್ಸ್ ಕೆಳಗೆ ಗಾರೆ ನಾಲ್ಕು ಬೆರಳು ದಪ್ಪ. ಬಾಗಿಲ ಬಳಿ ಒಂದೇ ಬೆರಳು. ಗಾರೆ ಕೆರೆದು, ಅದರಡಿಯ ಕಾಂಕ್ರೀಟಿನ ಮೇಲೆ ಎರಡೂ ಕಡೆ ರಸಮಟ್ಟ ಇಟ್ಟು ಎಂಜಿನಿಯರನ್ನು ಕರೆದರು. ಗುಳ್ಳೆ ನಟ್ಟನಡುವೆ ನಿಂತಿತ್ತು.

"ಕಟ್ಟಿದವನು ನೆಟ್ಟಗೆ ಕಟ್ಟಿದಾನೆ ಸಾರ್. ಸೊಟ್ಟ ಮಾಡಿದ್ದು ನಾನು. ಕಣ್ಣಲ್ಲೇ ಹಾಕಿದ್ದು."

"ನಂಗೆ ಮೊದಲೇ ಅನುಮಾನ ಇತ್ತು" ಎಂದು ಎಂಜಿನಿಯರ್ ಆಳುಗಳನ್ನು ಕರೆದುಕೊಂಡು ಬೇಗ ಬೇಗ ಇಳಿದು ಹೋದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತೇನೋ. ಮೇಸ್ತ್ರಿ ತಲೆ ತಗ್ಗಿಸಿ ಉಳಿಗೆ ಮೆತ್ತಿದ್ದ ಗಾರೆಯನ್ನು ಒರೆಸುತ್ತಲೇ ಇದ್ದರು. ನನಗೆ ಅವರ ಮೇಲೆ ಆವತ್ತು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಟೈಲರಮ್ಮ ಜನರನ್ನು ಸರಿಸಿಕೊಂಡು ಒಳಗೆ ಬಂದರು. ಒಂದು ರಾತ್ರಿ ನಿದ್ದೆಗೆಟ್ಟ ಕಣ್ಣು. ನಾಲ್ಕು ಮಾತು ಬೈಯುತ್ತಾರೆ, ಬೈಯಲಿ ಎಂದು ನಾವೆಲ್ಲ ಕಾದೆವು.

"ತಲೆಸುತ್ತು ಈಗ ಹೇಗಿದೆ?" ಎಂದರು.

"ನಿಂತಿದೆ" ಎಂದರು ಮೇಸ್ತ್ರಿ.

"ಹಾಗಾದ್ರೆ ಬಂದು ಮೆಷಿನ್ ಒಳಗಿಡಿ. ಅದಾದ ಮೇಲೆ ನಮ್ಮ ಬಚ್ಚಲ ನೆಲ ಕಿತ್ತು ಹಾಕಿ. ಯಾವನೋ ಪುಣ್ಯಾತ್ಮ ಮಟ್ಟ ಇಟ್ಟು ಮಾಡಿದಾನೆ, ನೀರು ನಿಂತಲ್ಲೇ ನಿಲ್ಲತ್ತೆ. ನನಗೆ ಈ ಅಡುಗೆಮನೆ ಥರದ್ದೇ ನೆಲ ಬೇಕು."

ಆಗ ನಗು ಹೊರಟಿತು. ಮೊದಲು ನಕ್ಕವರು ಅಕ್ಕ. ಆವತ್ತು ಸಂಜೆ ಪೇಟೆಯಲ್ಲಿ ಒಂದು ನಿಂಬೆಹಣ್ಣೂ ಸಿಗಲಿಲ್ಲ. ಮೇಸ್ತ್ರಿಯ ಕೈಯಲ್ಲಿ ನೆಲ ಹಾಕಿಸಿದ್ದವರೆಲ್ಲ ಕೊಂಡುಹೋಗಿದ್ದರು. ಹೆಚ್ಚಿನ ಮನೆಗಳಲ್ಲಿ ಹಣ್ಣು ಇಟ್ಟಲ್ಲೇ ಕೂತಿತಂತೆ. ಹಣ್ಣು ಉರುಳಿದ ಮನೆಯವರು ಬಾಯಿಬಿಟ್ಟಿಲ್ಲ.

ಅಡುಗೆಮನೆಯ ನೆಲವನ್ನು ಪೂರ್ತಿ ಕಿತ್ತು ಹೊಸದಾಗಿ ಹಾಕುತ್ತೇನೆಂದು ಮೇಸ್ತ್ರಿ ಹಟ ಹಿಡಿದರು.

"ಮುಟ್ಟಿದ್ರೆ ನೋಡಿ! ನೆಲ ತೊಳೆದ್ರೆ ನೀರು ತಾನಾಗೇ ಆಚೆ ಹೋಗತ್ತೆ ನಂಗೆ. ಕಿತ್ತಿರೋ ಎರಡನ್ನ ಮೊದಲಿದ್ದ ಹಾಗೇ ಕೂರಿಸಿ, ಸಾಕು" ಎಂದರು ಅಕ್ಕ.

ಮೊದಲಿದ್ದ ಹಾಗೆ ಕೂರಿಸುವುದು ಹುಡುಗಾಟವಾಗಿರಲಿಲ್ಲ. ಕಣ್ಣಳತೆಯಲ್ಲಿ ಒಂದು ಗಳಿಗೆಯಲ್ಲಿ ಬಂದಿದ್ದ ಆ ಓರೆ ಈಗ ಏನು ಮಾಡಿದರೂ ಬರಲೊಲ್ಲದು. ಗಾರೆ ಹಾಕುವುದು, ಟೈಲ್ಸ್ ಕೂರಿಸುವುದು, ರಸಮಟ್ಟ ಇಡುವುದು, ಗುಳ್ಳೆ ಅಕ್ಕಪಕ್ಕದ ಟೈಲ್ಸಿನಲ್ಲಿ ಎಷ್ಟು ಸರಿಯುತ್ತದೋ ಅಷ್ಟೇ ಸರಿಯಿತೇ ಎಂದು ನೋಡುವುದು, ಮತ್ತೆ ಕೀಳುವುದು. ಮಧ್ಯಾಹ್ನವೆಲ್ಲ ಅದೇ ಆಯಿತು. ಮೇಸ್ತ್ರಿ ತಮ್ಮ ಜೀವಮಾನದಲ್ಲಿ ಮೊದಲ ಸಲ ಮಟ್ಟ ಇಟ್ಟು ಕೆಲಸ ಮಾಡಿದರು, ಅದೂ ಸೊಟ್ಟಗೆ ಬರಲೆಂದು.

ಗಾರೆ ಒಣಗಿದ ಮೇಲೆ ಅಕ್ಕ ಬುಟ್ಟಿಯಿಂದ ಈರುಳ್ಳಿ ತೆಗೆಯುವಾಗ ಒಂದು ಕೈಜಾರಿತು. ಮೇಸ್ತ್ರಿ ಕೂತಲ್ಲೇ ಉಸಿರು ಬಿಗಿಹಿಡಿದರು. ಅಕ್ಕ ಹಿಂದಿರುಗಿ ನೋಡಲಿಲ್ಲ. ಸೀದಾ ಬಾಗಿಲ ಬಳಿ ಹೋಗಿ, ಬಗ್ಗಿ ಕೈಚಾಚಿದರು. ಈರುಳ್ಳಿ ಉರುಳಿಕೊಂಡು ಬಂದು ಕೈಗೆ ಸಿಕ್ಕಿತು.